ಚಿಕ್ಕಪ್ಪಯ್ಯನ ಹುಡುಕುವ ಪಟ್ಟಿ

ನೀವು ನಂಬುವುದಿಲ್ಲ, ಈಗಲೇ ಹೇಳಿಬಿಡುತ್ತೇನೆ. ಕಾಲೇಜಿನಲ್ಲಿ ನಮ್ಮ ಬೆಂಚಿನ ನಾಲ್ವರಿಗೆ ಹೇಳಿದೆ. ಮೂವರು ನಂಬಲಿಲ್ಲ, ನಾಲ್ಕನೆಯವಳು ನಿದ್ದೆ ಮಾಡುತ್ತಿದ್ದಳು. ಆದರೂ ಬರೆಯುತ್ತೇನೆ. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕನ್ನು ಜರಡಿ ಹಿಡಿದರೂ, ತನ್ನ ಕೈಯಲ್ಲೇ ಇರುವ ಕನ್ನಡಕವನ್ನು ಮುಕ್ಕಾಲು ಗಂಟೆ ಹುಡುಕಿ, ಕೊನೆಗೆ ‘ಕಳೆದುಹೋಗಿದೆ’ ಎಂದು ತೀರ್ಪು ಕೊಡುವ ಮನುಷ್ಯ ಇನ್ನೊಬ್ಬ ಸಿಗುವುದಿಲ್ಲ. ಅಂಥವರು ಒಬ್ಬರೇ ಇದ್ದಾರೆ, ಅವರು ನಮ್ಮ ಚಿಕ್ಕಪ್ಪಯ್ಯ!

ಮರೆವು ಅಂದುಕೊಂಡಿರಾ? ಮರೆವಿನವರು ಮನೆಗೊಬ್ಬರು ಇರುತ್ತಾರೆ, ಅವರ ಬಗ್ಗೆ ಬರೆದು ನಾನೇಕೆ ಮಸಿ ದಂಡ ಮಾಡಲಿ? ಚಿಕ್ಕಪ್ಪಯ್ಯನದು ಮರೆವಲ್ಲ, ಶಿಸ್ತು. ಅವರ ಕೋಣೆಯ ಗೋಡೆಯ ಮೇಲೆ ಒಂದು ರಟ್ಟು ನೇತಾಡುತ್ತದೆ. ಅದರ ತಲೆಯ ಮೇಲೆ ದಪ್ಪ ಅಕ್ಷರದಲ್ಲಿ ‘ಹುಡುಕುವ ಕ್ರಮ’ ಎಂದು ಬರೆದಿದೆ. ಒಂದು, ಅಂಗಿಯ ಜೇಬು. ಎರಡು, ಮೇಜಿನ ಡ್ರಾಯರು. ಮೂರು, ಗೋಡೆ ಕಪಾಟು. ನಾಲ್ಕು, ಹಾಸಿಗೆಯ ಅಡಿ. ಐದು, ರೇಡಿಯೋ ಹಿಂದೆ. ಆರು, ದೇವರ ಗೂಡು. ಏನೇ ಕಾಣದಿದ್ದರೂ ಇದೇ ಕ್ರಮದಲ್ಲಿ ಹುಡುಕಬೇಕು. ಕೊಡೆ ಕಾಣದಿದ್ದರೂ ಮೊದಲು ಅಂಗಿಯ ಜೇಬನ್ನೇ ನೋಡುತ್ತಾರೆ. ಸುಳ್ಳಾದರೆ ನನ್ನ ನಾಲಿಗೆ ಸೀಳಿ!

ಕನ್ನಡಕದ ದಿನ ಅಮ್ಮ ಕಾಫಿ ಹಿಡಿದು ನಿಂತು ಇವರು ಆರನೆಯ ಜಾಗದವರೆಗೂ ಹೋಗಿದ್ದನ್ನು ನೋಡಿದಳು.

“ನಿಮ್ಮ ಕೈಲೇ ಇದ್ಯಲ್ಲ ಮಾರಾಯ್ರೇ!”

ಚಿಕ್ಕಪ್ಪಯ್ಯ ಕೈ ನೋಡಿಕೊಂಡರು. ಕನ್ನಡಕ ಇತ್ತು. ಅವರಿಗೇನೂ ನಾಚಿಕೆಯಾಗಲಿಲ್ಲ.

“ಇರ್ಬಹುದು ಅತ್ತಿಗೆ. ಆದ್ರೆ ಕೈ ಪಟ್ಟೀಲಿ ಇಲ್ಲ.”

ಅವತ್ತಿನಿಂದ ಕೈಯನ್ನು ಪಟ್ಟಿಗೆ ಸೇರಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿದೆ. “ಇವತ್ತು ಕೈ ಸೇರಿಸಿದ್ರೆ ನಾಳೆ ಹಣೆ ಸೇರಿಸು ಅಂತೀರಿ. ಆಮೇಲೆ ಪಟ್ಟಿಗೆ ಎಂತ ಮರ್ಯಾದೆ ಉಳೀತು?” ಎಂದರು. ಇಂಥ ಮನುಷ್ಯನಿಗೆ ಏನು ಹೇಳುತ್ತೀರಿ?

ಇದು ಮೊದಲನೆಯ ನಿಯಮವಾಯಿತು. ಎರಡನೆಯದು ಇನ್ನೂ ಅಪಾಯಕಾರಿ. ಸಿಕ್ಕಿದ ತಕ್ಷಣ ಹುಡುಕುವುದನ್ನು ನಿಲ್ಲಿಸಬೇಕು, ಅಷ್ಟೇ. ಸಿಕ್ಕಿದ್ದು ನಮಗೆ ಬೇಕಾದದ್ದೇ ಹೌದೋ ಅಲ್ಲವೋ ಎಂದು ನೋಡುವುದು ನಿಯಮದಲ್ಲಿಲ್ಲ.

ನಮ್ಮ ಬಾವಿಯ ಪಂಪು ಕೆಟ್ಟು ಕೂತಿತ್ತು. ಅಪ್ಪಯ್ಯನಿಗೆ ಬಸ್‌ಸ್ಟ್ಯಾಂಡಿನ ಹತ್ತಿರ ಸೈಕಲ್ ಶಾಪಿದೆ. ಸೈಕಲ್ಲಿಗೆ ಸಂಬಂಧಪಟ್ಟ ಯಾವ ಕಾಯಿಲೆಗೂ ಅವರಲ್ಲಿ ಮದ್ದುಂಟು, ಆದರೆ ಪಂಪು ಅವರ ಮಾತು ಕೇಳುವುದಿಲ್ಲ. “ನಾಗಪ್ಪನ್ನ ಕರ್ಕೊಂಡ್ ಬಾರೋ” ಎಂದು ತಮ್ಮನನ್ನು ಕಳಿಸಿದರು. ಪಂಪು ರಿಪೇರಿಯ ನಾಗಪ್ಪ ಇರುವುದು ರಿಪ್ಪನ್‌ಪೇಟೆಯಲ್ಲಿ. ಅದು ಊರಿಗೆಲ್ಲ ಗೊತ್ತು. ಆದರೆ ಮನುಷ್ಯರನ್ನು ಹುಡುಕುವುದಕ್ಕೂ ಚಿಕ್ಕಪ್ಪಯ್ಯನಿಗೆ ಒಂದು ಕ್ರಮವಿದೆ. ಮೊದಲು ಸಾಗರ, ಆಮೇಲೆ ರಿಪ್ಪನ್‌ಪೇಟೆ, ಆಮೇಲೆ ಹೊಸನಗರ, ಕೊನೆಗೆ ತೀರ್ಥಹಳ್ಳಿ. ಸಾಗರದ ಮಾರ್ಕೆಟ್ಟಿನಲ್ಲೇ ಒಬ್ಬ ನಾಗಪ್ಪ ಸಿಕ್ಕಿದ. ಬಳೆ ಮಾರುವವನು!

ಪಾಪ, ಆ ನಾಗಪ್ಪ ಬಳೆಯ ಗಂಟು ಸಮೇತ ಬಂದು, ಪಂಪಿನ ಎದುರು ಕುಕ್ಕರಗಾಲಲ್ಲಿ ಕೂತು, ಅರ್ಧ ಗಂಟೆ ಅದನ್ನೇ ದಿಟ್ಟಿಸಿದ. ದೊಡ್ಡವರು ಕರೆದಿದ್ದಾರೆ, ಏನೋ ಕಾರಣ ಇರಬೇಕು ಎಂದುಕೊಂಡನಂತೆ. ಆಮೇಲೆ ಕಾಫಿ ಕುಡಿದ. ಆಮೇಲೆ ಅಮ್ಮನಿಗೂ ಅಕ್ಕನಿಗೂ ನನಗೂ ಎರಡೆರಡು ಡಜನ್ ಬಳೆ ಇಟ್ಟು ಹೋದ.

ಸಂಜೆ ಅಪ್ಪಯ್ಯ ಬಂದರು. “ಪಂಪು ಸರಿಯಾಯ್ತನಾ?”

“ಪಂಪು ಹಂಗೇ ಇದೆ, ಬಳೆ ಚೆಂದ ಇದೆ” ಎಂದು ನಾನು ಕೈ ಎತ್ತಿ ಜಣಜಣ ಅನ್ನಿಸಿದೆ.

ಚಿಕ್ಕಪ್ಪಯ್ಯ ಮಾತ್ರ ಅಲುಗಾಡಲಿಲ್ಲ. “ಅಣ್ಣಯ್ಯ, ನೀನು ನಾಗಪ್ಪ ಅಂದೆ, ನಾಗಪ್ಪ ಸಿಕ್ಕಿದ. ಸಿಕ್ಕಿದ ಮೇಲೂ ಹುಡುಕ್ತಾ ಹೋಗೋಕೆ ನಂಗೇನು ಹುಚ್ಚಾ? ರಿಪ್ಪನ್‌ಪೇಟೆ ನಾಗಪ್ಪ ಅಂತ ಪೂರ್ತಿ ಹೆಸರು ಹೇಳ್ಬೇಕಿತ್ತು.”

ಈ ನಾಗಪ್ಪನನ್ನು ಸ್ವಲ್ಪ ನೆನಪಿನಲ್ಲಿ ಇಟ್ಟುಕೊಳ್ಳಿ. ಮುಂದೆ ಬೇಕಾಗುತ್ತಾನೆ.

ಇಂಥ ಚಿಕ್ಕಪ್ಪಯ್ಯ ಅಪ್ಪಯ್ಯನ ಸೈಕಲ್ ಶಾಪಿನ ಮಹಡಿಯ ಮೇಲೆ ಟೈಪಿಂಗ್ ಇನ್‌ಸ್ಟಿಟ್ಯೂಟು ನಡೆಸುತ್ತಾರೆ. ಕೆಳಗೆ ಅಪ್ಪಯ್ಯ ಸೈಕಲ್ ಟ್ಯೂಬಿಗೆ ಪಟ್ಟಿ ಹಾಕುತ್ತಿದ್ದರೆ, ಮೇಲೆ ಒಂಬತ್ತು ಟೈಪ್‌ರೈಟರುಗಳು ಆಲಿಕಲ್ಲು ಸುರಿದಂತೆ ಬಡಿದುಕೊಳ್ಳುತ್ತವೆ. ಅಲ್ಲಿಗೆ ಬರುವವರಲ್ಲಿ ಮುಕ್ಕಾಲು ಪಾಲು ಹುಡುಗಿಯರು. ಕೆಲಸಕ್ಕೆ ಸೇರಲು ಅಂದುಕೊಂಡಿರಾ? ಎಸ್ಸೆಸ್ಸೆಲ್ಸಿ ಆಯಿತು, ಗಂಡು ಇನ್ನೂ ಸಿಕ್ಕಿಲ್ಲ, ಅಲ್ಲಿಯವರೆಗೆ ಮನೆಯಲ್ಲಿ ಕೂತು ಏನು ಮಾಡುವುದು, ಟೈಪಿಂಗಿಗೆ ಹೋಗಲಿ! ಜೂನಿಯರ್ ಪರೀಕ್ಷೆ ಬರುವುದರೊಳಗೆ ಅರ್ಧ ಜನ ಲಗ್ನಪತ್ರಿಕೆ ಕೊಟ್ಟು ಹೋಗಿರುತ್ತಾರೆ. ಹೀಗಾಗಿ ಹೆತ್ತವರು ಫೀಜು ಕಟ್ಟಲು ಬಂದಾಗೆಲ್ಲ, “ನಿಮ್ಮ ಕಣ್ಣಿಗೆ ಯಾವುದಾದ್ರೂ ಒಳ್ಳೆ ಹುಡುಗ ಬಿದ್ರೆ ಹೇಳಿ ಮೇಷ್ಟ್ರೆ” ಎಂದು ಜಾತಕದ ಒಂದು ನಕಲನ್ನು ಮೇಜಿನ ಮೇಲೆ ಇಟ್ಟು ಹೋಗುತ್ತಿದ್ದರು. ಹುಡುಗರ ಕಡೆಯವರಿಗೂ ಸುದ್ದಿ ಮುಟ್ಟಿತು. ಅಂತೂ ಮೂರು ತಾಲ್ಲೂಕಿನ ಜಾತಕಗಳೂ ಬಂದು ಚಿಕ್ಕಪ್ಪಯ್ಯನ ಕಪಾಟಿನಲ್ಲಿ ಬೆಚ್ಚಗೆ ಕೂತವು.

ಇದರಲ್ಲಿರುವ ತಮಾಷೆ ಏನು ಗೊತ್ತಾ? ಊರವರ ಜಾತಕವೆಲ್ಲ ಇಟ್ಟುಕೊಂಡ ಚಿಕ್ಕಪ್ಪಯ್ಯನಿಗೇ ಮದುವೆಯಾಗಿಲ್ಲ. ವಯಸ್ಸು ನಲವತ್ತಮೂರು. ಹಿಂದೆ ಒಂದು ಸಲ ಬ್ಯಾಕೋಡಿನಲ್ಲಿ ಹೆಣ್ಣು ನೋಡಿದ್ದರಂತೆ. ನನಗಾಗ ಎರಡು ವರ್ಷ, ಆದರೆ ಅಮ್ಮನ ಬಾಯಿಂದ ಎಷ್ಟು ಸಲ ಕೇಳಿದ್ದೇನೆಂದರೆ ನಾನೇ ಹೋಗಿ ಬಂದ ಹಾಗಿದೆ. ಲಾಂಚಿನಲ್ಲಿ ಹಿನ್ನೀರು ದಾಟಿ ಹೋದರು. ಹುಡುಗಿ ಮಜ್ಜಿಗೆ ತಂದುಕೊಟ್ಟಳು. ಇವರು ಎರಡು ಲೋಟ ಕುಡಿದರು. ಮೂರನೆಯದು ಬೇಕಾ ಎಂದು ಅವಳೇ ಬಾಯಿಬಿಟ್ಟು ಕೇಳಿದಳಂತೆ. ಆ ಕಾಲದಲ್ಲಿ ಅದು ಏನು ಕಡಿಮೆ ಮಾತೇ! ಆಮೇಲೆ ಜೋಯಿಸರು ಜಾತಕ ಕೂಡಿಬರುವುದಿಲ್ಲ ಎಂದರು. ಕಥೆ ಮುಗಿಯಿತು. ಈಗಲೂ ಅಮ್ಮ ಮಜ್ಜಿಗೆ ಕೊಟ್ಟರೆ ಚಿಕ್ಕಪ್ಪಯ್ಯ ಒಂದು ಗುಟುಕು ಕುಡಿದು, ಲೋಟವನ್ನು ಒಂದು ಸಲ ನೋಡಿ, ಕೆಳಗಿಡುತ್ತಾರೆ. ಅಮ್ಮ ಉಪ್ಪು ಜಾಸ್ತಿಯಾಯಿತೇನೋ ಅಂದುಕೊಳ್ಳುತ್ತಾಳೆ.

ಇರಲಿ, ಕಂಪ್ಯೂಟರಿಗೆ ಬರೋಣ. ಹೌದು, ಕಂಪ್ಯೂಟರು! ಎಂಬತ್ತೊಂಬತ್ತನೇ ಇಸವಿಯಲ್ಲಿ, ಸಾಗರದಲ್ಲಿ, ಸೈಕಲ್ ಶಾಪಿನ ಮಹಡಿಯ ಮೇಲೆ! ನಂಬುವುದಿಲ್ಲ ಎಂದು ಮೊದಲೇ ಹೇಳಿದ್ದೆನಲ್ಲ.

ಚಿಕ್ಕಪ್ಪಯ್ಯ ಶಿವಮೊಗ್ಗಕ್ಕೆ ಮೂರು ತಿಂಗಳು ಓಡಾಡಿ ಕಂಪ್ಯೂಟರ್ ಕಲಿತು, ಕಲಿಸಿದ ಮೇಷ್ಟರ ಹಳೆಯ ಮೆಷಿನ್ನನ್ನೇ ತೆಗೆದುಕೊಂಡು ಬಸ್ಸು ಹತ್ತಿದರು. ಟಿವಿಯಂಥ ಡಬ್ಬ ಅವರ ತೊಡೆಯ ಮೇಲೆ, ಇನ್ನೊಂದು ದೊಡ್ಡ ಡಬ್ಬ ಪಕ್ಕದ ಸೀಟಿನ ಮೇಲೆ. ಕಂಡಕ್ಟರ್ ಬಂದ.

“ಇದ್ಯಾರ್ದು ಸ್ವಾಮಿ ಸೀಟು?”

“ಕಂಪ್ಯೂಟರಿಂದು.”

“ಎಲ್ಲಿ ಇಳೀತಾರೆ?”

“ಸಾಗರ.”

ಕಂಡಕ್ಟರ್ ಮರುಮಾತಾಡದೆ ಫುಲ್ ಟಿಕೆಟ್ ಹರಿದ. ಆನಂದಪುರದಲ್ಲಿ ಹತ್ತಿದ ಅಜ್ಜಿಯೊಬ್ಬಳು ಡಬ್ಬಕ್ಕೆ, “ಸ್ವಲ್ಪ ಆಚೆ ಸರ್ಕೋ ಮಗ” ಎಂದಳಂತೆ. ಆ ಟಿಕೆಟ್ಟು ಈಗಲೂ ಮೇಜಿನ ಡ್ರಾಯರಿನಲ್ಲಿದೆ, ಅಂದರೆ ಪಟ್ಟಿಯ ಎರಡನೆಯ ಜಾಗದಲ್ಲಿ. ಅನುಮಾನ ಇದ್ದವರು ಬಂದು ನೋಡಬಹುದು.

ಊರವರ ಜಾತಕವನ್ನೆಲ್ಲ ಕಂಪ್ಯೂಟರಿಗೆ ಹಾಕುವುದು ಚಿಕ್ಕಪ್ಪಯ್ಯನ ಯೋಜನೆ. ಹುಡುಗನ ಹೆಸರು, ಹುಡುಗಿಯ ಹೆಸರು ಕೊಟ್ಟರೆ ಕೂಡಿಬರುತ್ತೋ ಇಲ್ಲವೋ ಎಂದು ಮೆಷಿನ್ನೇ ಹೇಳಬೇಕು. ಹೆಸರುಗಳನ್ನು ಟೈಪು ಮಾಡಿದ್ದು ಯಾರು? ನಾನು! ಇನ್ನೂರ ಹನ್ನೆರಡು ಜಾತಕ, ಒಂದೂ ತಪ್ಪಿಲ್ಲ. (ಮೂರು ತಪ್ಪಿತ್ತು, ತಿದ್ದಿದ ಮೇಲೆ ಒಂದೂ ಇಲ್ಲ.) ಜಾತಕ ಹೊಂದಿಸಿ ನೋಡುವ ಲೆಕ್ಕಾಚಾರವನ್ನು ಚಿಕ್ಕಪ್ಪಯ್ಯ ನಾಲ್ಕು ತಿಂಗಳು ಕೂತು ಬರೆದರು. ಅದಕ್ಕೆ ‘ಹೊಂದಿಕೆ’ ಎಂದು ಹೆಸರಿಟ್ಟರು. ಮೆಷಿನ್ನಿನ ಭಾಷೆಯಲ್ಲಿ ಅದು ಒಂದು ಫಂಕ್ಷನ್. ಹೆಸರು ಹಿಡಿದು ಕರೆದರೆ ಬಂದು ಕೆಲಸ ಮಾಡಿ ಉತ್ತರ ಒಪ್ಪಿಸಿ ಹೋಗುವ ಆಳು ಅಂದುಕೊಳ್ಳಿ.

ಆಳೇನೋ ತಯಾರಾದ. ಕರೆದರೆ ಬರಲಿಲ್ಲ!

‘ಫಂಕ್ಷನ್ ನಾಟ್ ಫೌಂಡ್’ ಎಂದಿತು ಮೆಷಿನ್ನು. ಅಂದರೆ, ನೀವು ಹೇಳಿದ ಆಳು ಇಲ್ಲಿಲ್ಲ ಸ್ವಾಮಿ.

“ಇಲ್ಲ ಅಂದ್ರೆ ಎಂತ ಅರ್ಥ? ನಾನೇ ಕೈಯಾರೆ ಇಟ್ಟಿದ್ದೀನಿ!” ಚಿಕ್ಕಪ್ಪಯ್ಯ ಮೆಷಿನ್ನಿನ ಮುಖಕ್ಕೆ ಮುಖ ಕೊಟ್ಟು ಕೇಳಿದರು. ಕಂಪ್ಯೂಟರಿನ ಹೊಟ್ಟೆಯೊಳಗೂ ಕಪಾಟುಗಳಿರುತ್ತವೆ, ಒಂದೊಂದಕ್ಕೂ ಒಂದೊಂದು ಹೆಸರು. ‘ಶಾಸ್ತ್ರ’ ಎಂಬ ಕಪಾಟನ್ನು ತೆರೆದು ತೋರಿಸಿದರು. ಹೊಂದಿಕೆ ಅಲ್ಲೇ ಕಾಲು ಚಾಚಿ ಮಲಗಿತ್ತು. ಕಪಾಟು ಮುಚ್ಚಿ ಕರೆದರೆ, ಇಲ್ಲ. ತೆರೆದರೆ ಇದೆ. ಕರೆದರೆ ಇಲ್ಲ. ನಾನು ಎಣಿಸಿದೆ, ನಲವತ್ತೊಂದು ಸಲ.

ಹೆಸರಿನಲ್ಲಿ ತಪ್ಪಿರಬೇಕೆಂದು ಹೆಸರನ್ನು ಅಕ್ಷರ ಅಕ್ಷರವಾಗಿ ನೋಡಿದರು. ಸರಿ ಇತ್ತು. ಬರೆದದ್ದರಲ್ಲಿ ತಪ್ಪಿರಬೇಕೆಂದು ನಾಲ್ಕು ತಿಂಗಳ ಕೆಲಸವನ್ನು ಒಂಬತ್ತು ದಿನ ಕೂತು ಮೊದಲಿನಿಂದ ಟೈಪು ಮಾಡಿದರು. ಅದೇ ಕಪಾಟಿನಲ್ಲಿಟ್ಟರು, ಅದೇ ಉತ್ತರ ಬಂತು. ಧೂಳು ಕಾರಣವೆಂದು ಎಲ್ಲರಿಗೂ ಚಪ್ಪಲಿ ಬಿಡಿಸಿದರು. ಊಟ ಬಿಟ್ಟರು. ಹಾಗೆ ಬಿಟ್ಟ ಐದನೆಯ ದಿನ ಅಮ್ಮ ಬುತ್ತಿ ಹಿಡಿದು ಮಹಡಿ ಹತ್ತಿ ಬಂದಳು.

“ಎಂತದು ಮಾರಾಯ್ರೇ, ಅನ್ನ ನೀರು ಬಿಟ್ಟು?”

“ಕಣ್ಣಿಗೆ ಕಾಣ್ತಾ ಇದೆ ಅತ್ತಿಗೆ! ಇಲ್ಲೇ ಇದೆ! ಇದಕ್ಕೆ ಮಾತ್ರ ಸಿಗ್ತಿಲ್ಲ!”

ಅಮ್ಮ ಬುತ್ತಿಯ ಮುಚ್ಚಳ ತೆಗೆಯುತ್ತ, ಪರದೆಯ ಕಡೆ ತಿರುಗಿಯೂ ನೋಡದೆ ಹೇಳಿದಳು: “ಅದರ ಪಟ್ಟೀಲಿ ಆ ಕಪಾಟು ಇಲ್ವೇನೋ, ನೋಡಿ.”

ಚಿಕ್ಕಪ್ಪಯ್ಯ ನಕ್ಕರು. ನಾನೂ ನಕ್ಕೆ. ಅಡುಗೆಮನೆಯವರಿಗೆ ಕಂಪ್ಯೂಟರಿನ ಸುದ್ದಿ ಏನು ಗೊತ್ತು? ಮರುದಿನ ಚಿಕ್ಕಪ್ಪಯ್ಯ ಬಸ್ಸು ಹಿಡಿದು ಶಿವಮೊಗ್ಗಕ್ಕೆ ಹೋಗಿ, ಮೇಷ್ಟರ ಮನೆಯ ಜಗಲಿಯಲ್ಲಿ ಎರಡು ತಾಸು ಕಾದು, ಕಷ್ಟವನ್ನೆಲ್ಲ ಹೇಳಿಕೊಂಡರು. ಮೇಷ್ಟರು ಕೇಳಿದ್ದು ಒಂದೇ ಪ್ರಶ್ನೆ: “ಯಾವ್ಯಾವ ಕಪಾಟಿನಲ್ಲಿ ಹುಡುಕಬೇಕು ಅಂತ ಮೆಷಿನ್ನಿಗೆ ಪಟ್ಟಿ ಕೊಟ್ಟಿದ್ದೀರಾ?”

ಕೊಟ್ಟಿರಲಿಲ್ಲ! ಕೊಡೆಗೆ ಪಟ್ಟಿ, ಕನ್ನಡಕಕ್ಕೆ ಪಟ್ಟಿ, ನಾಗಪ್ಪನಿಗೂ ಪಟ್ಟಿ. ಪಟ್ಟಿ ಇಲ್ಲದೆ ಬೇಸರಪಟ್ಟುಕೊಂಡು ಕೂತಿದ್ದ ಮೆಷಿನ್ನಿಗೆ ಮಾತ್ರ ಇಲ್ಲ! ಅವತ್ತು ರಾತ್ರಿ ಚಿಕ್ಕಪ್ಪಯ್ಯ ಅಮ್ಮನ ಎದುರು ತಲೆ ತಗ್ಗಿಸಿ ಊಟ ಮಾಡಿದರು. ಅಮ್ಮ ಎರಡನೇ ಸಲ ತುಪ್ಪ ಬಡಿಸಿದಳು.

ಪಟ್ಟಿ ಕೊಟ್ಟರು, ಹೊಂದಿಕೆ ಓಡಿ ಬಂತು. ಸಂಭ್ರಮದಲ್ಲಿ ಒಂಬತ್ತೂ ಟೈಪ್‌ರೈಟರ್ ಹುಡುಗಿಯರಿಗೆ ಪೆಪ್ಪರಮಿಂಟು ಹಂಚಿದರು. ಮರುದಿನ ಬೆಳಿಗ್ಗೆ ಮತ್ತೆ, ‘ಫಂಕ್ಷನ್ ನಾಟ್ ಫೌಂಡ್’! ಸಂಜೆ ಮತ್ತೆ ಪಟ್ಟಿ ಕೊಟ್ಟ ಮೇಲೆ ಸರಿಯಾಯಿತು. ಮರುದಿನ ಮತ್ತೆ ಅದೇ. ಬರುತ್ತದೆ, ಹೋಗುತ್ತದೆ, ಮಲೇರಿಯಾ ಜ್ವರದ ಹಾಗೆ. ಇದರ ಗುಟ್ಟನ್ನು ಪತ್ತೆ ಮಾಡಿದವರು ಯಾರು? ಮತ್ತೆ ನಾನು! ಇದನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿದರೆ ನನ್ನದೇನೂ ಅಭ್ಯಂತರವಿಲ್ಲ. ಕರೆಂಟು ಹೋದಾಗಲೆಲ್ಲ ಮೆಷಿನ್ನು ಪಟ್ಟಿಯನ್ನು ಮರೆಯುತ್ತಿತ್ತು. ಕಪಾಟು ಹೋಗುವುದಿಲ್ಲ, ಕಪಾಟಿನೊಳಗಿನದ್ದೂ ಹೋಗುವುದಿಲ್ಲ, ಎಲ್ಲಿ ಹುಡುಕಬೇಕು ಎಂಬುದು ಮಾತ್ರ ಹೋಗುತ್ತದೆ. ಜೋಗ ಇಲ್ಲಿಂದ ಒಂದು ಗಂಟೆಯ ಬಸ್ಸಿನ ದಾರಿ, ಊರಿಗೆಲ್ಲ ಬೆಳಕು ಅಲ್ಲಿಂದಲೇ, ನಮ್ಮಲ್ಲಿ ಮಾತ್ರ ದಿನಕ್ಕೆ ಮೂರು ಸಲ ಕರೆಂಟು ಹೋಗುತ್ತದೆ! ಹಾಗಾಗಿ ಪಟ್ಟಿಯನ್ನು ಒಂದು ಚೀಟಿಯ ಮೇಲೆ ಬರೆದು ಗೋಡೆಗೆ ಅಂಟಿಸಿ, ಕರೆಂಟು ಬಂದಾಗಲೆಲ್ಲ ನಾನು ಅದನ್ನು ನೋಡಿ ಟೈಪು ಮಾಡಬೇಕು ಎಂದಾಯಿತು. ಚೀಟಿಯಲ್ಲಿ ಎರಡೇ ಕಪಾಟಿನ ಹೆಸರು: ಮೊದಲು ‘ಶಾಸ್ತ್ರ’, ಆಮೇಲೆ ‘ತಾತ್ಕಾಲಿಕ’.

ಈ ತಾತ್ಕಾಲಿಕ ಎಂಬ ಕಪಾಟಿನ ವಿಷಯ ಹೇಳಬೇಕು. ನಿಜವಾದ ಹೊಂದಿಕೆಯನ್ನು ಬರೆಯುವ ಮೊದಲು, ಉತ್ತರ ಕಾಗದದ ಮೇಲೆ ಅಂದವಾಗಿ ಬೀಳುತ್ತದೋ ಇಲ್ಲವೋ ನೋಡಲು ಚಿಕ್ಕಪ್ಪಯ್ಯ ಅದೇ ಹೆಸರಿನ ಒಂದು ಪುಟಾಣಿ ಫಂಕ್ಷನ್ ಬರೆದಿದ್ದರು. ಅದಕ್ಕೆ ನಕ್ಷತ್ರ ಗೊತ್ತಿಲ್ಲ, ರಾಶಿ ಗೊತ್ತಿಲ್ಲ. ಯಾರನ್ನು ಕೇಳಿದರೂ ಒಂದೇ ಉತ್ತರ: ‘ಹೊಂದಿದೆ. ಶುಭಂ.’ ಆ ತಾತ್ಕಾಲಿಕ ಕಪಾಟಿನಲ್ಲಿ ಬೇರೆ ಸಾಮಾನೂ ಇದ್ದುದರಿಂದ ಅದು ಪಟ್ಟಿಯಲ್ಲಿ ಎರಡನೆಯದಾಗಿ ಉಳಿದುಕೊಂಡಿತ್ತು. ಈ ಪುಟಾಣಿಯನ್ನು ಅಳಿಸಿಬಿಡಿ ಎಂದು ನಾನು ಎಷ್ಟೋ ಸಲ ಹೇಳಿದೆ. “ಇರ್ಲಿ ಬಿಡೆ, ಅದರಷ್ಟಕ್ಕೆ ಅದಿದೆ. ಒಳ್ಳೆ ಮಾತಾಡೋದನ್ನ ಯಾರಾದ್ರೂ ಅಳಿಸ್ತಾರನೇ?” ಎನ್ನುತ್ತಿದ್ದರು.

ಒಂದು ದಿನ ಅವಸರದಲ್ಲಿ ನಾನು ಚೀಟಿ ನೋಡದೆ, ತಾತ್ಕಾಲಿಕವನ್ನು ಮೊದಲು ಟೈಪು ಮಾಡಿಬಿಟ್ಟೆ. ನಾಗಪ್ಪ ನೆನಪಿದ್ದಾನಾ? ಮೊದಲು ಸಿಕ್ಕಿದವನೇ ನಾಗಪ್ಪ! ಮೆಷಿನ್ನಿಗೆ ಮೊದಲು ಪುಟಾಣಿ ಹೊಂದಿಕೆ ಸಿಕ್ಕಿತು, ಅಲ್ಲಿಗೇ ನಿಲ್ಲಿಸಿತು. ಹೊಸನಗರದಿಂದ ಒಬ್ಬರು ಮಗಳ ಜಾತಕ ಹಿಡಿದು ಬಂದಿದ್ದರು. ಎಲ್ಲ ಹುಡುಗರ ಜೊತೆಗೂ ನೋಡಿ ಎಂದರು. ಮೆಷಿನ್ನಿನ ಪ್ರಿಂಟರು ಕಾಗದ ಕಕ್ಕತೊಡಗಿತು: ಹೊಂದಿದೆ ಶುಭಂ, ಹೊಂದಿದೆ ಶುಭಂ, ಹೊಂದಿದೆ ಶುಭಂ. ತೊಂಬತ್ತೆಂಟು ಹುಡುಗರಲ್ಲಿ ತೊಂಬತ್ತೆಂಟೂ! ಅದರಲ್ಲಿ ಒಬ್ಬ ಆ ಹುಡುಗಿಯ ಸ್ವಂತ ಅಣ್ಣ. ಅವರು ಕಾಗದ ಮಡಚಿ ಎದೆಗೊತ್ತಿಕೊಂಡು, “ನಮ್ಮ ಕೂಸಿನ ಜಾತಕ ಇಷ್ಟು ಪ್ರಬಲ ಅಂತ ಗೊತ್ತಿರ್ಲಿಲ್ಲ ಮೇಷ್ಟ್ರೆ” ಎಂದರು. ಚಿಕ್ಕಪ್ಪಯ್ಯ ಅವರನ್ನು ಬಸ್‌ಸ್ಟ್ಯಾಂಡಿನವರೆಗೂ ಓಡಿ ಹಿಡಿದು ಕಾಗದ ವಾಪಸು ಕಿತ್ತುಕೊಂಡರು. ಆಮೇಲೆ ನನಗೆ ಮಂಗಳಾರತಿ.

“ಶಾಸ್ತ್ರ ಮೊದ್ಲು! ತಾತ್ಕಾಲಿಕ ಆಮೇಲೆ! ಕ್ರಮ ತಪ್ಪಿದ್ರೆ ಯಾರದ್ದೋ ಬಾಳು ತಪ್ಪುತ್ತೆ, ತಿಳೀತಾ?”

ಇಷ್ಟು ಹೊತ್ತು ನಗಿಸಿದೆನಲ್ಲ, ಈಗ ಅಕ್ಕನ ವಿಷಯ.

ನನ್ನ ಅಕ್ಕನಿಗೆ ಜೋಗದ ಪವರ್‌ಹೌಸಿನಲ್ಲಿ ಕೆಲಸ ಮಾಡುವ ಒಬ್ಬ ಹುಡುಗ ಇಷ್ಟವಾಗಿದ್ದ. ಅವನ ಸೈಕಲ್ಲು ತಿಂಗಳಿಗೆ ನಾಲ್ಕು ಸಲ ಜೋಗದಿಂದ ಬಸ್ಸಿನ ಟಾಪ್ ಮೇಲೆ ಬಂದು ಅಪ್ಪಯ್ಯನ ಶಾಪಿನಲ್ಲೇ ಪಂಕ್ಚರ್ ಹಾಕಿಸಿಕೊಳ್ಳುತ್ತಿತ್ತು ಎಂದರೆ ಉಳಿದದ್ದು ನಿಮಗೆ ಅರ್ಥವಾಗಬೇಕು. ಅಪ್ಪಯ್ಯನಿಗೂ ಹುಡುಗ ಹಿಡಿಸಿದ್ದ. ಆದರೆ ಹೊಸನಗರದ ಜೋಯಿಸರು ಜಾತಕ ನೋಡಿ ತಲೆ ಆಡಿಸಿದರು. ಅಕ್ಕ ಊಟ ಕಡಿಮೆ ಮಾಡಿದಳು. ರಾತ್ರಿ ಅವಳ ಹಾಸಿಗೆಯ ಕಡೆಯಿಂದ ಮೂಗು ಸೊರ ಸೊರ ಎನ್ನುವುದು ಕೇಳುತ್ತಿತ್ತು. ನೆಗಡಿಯಾ ಎಂದು ಕೇಳಿ ಒಂದು ಗುದ್ದು ತಿಂದೆ.

ನಾಲ್ಕು ದಿನ ಕಳೆಯಿತು. ಆಮೇಲೆ ಊಟಕ್ಕೆ ಕೂತಾಗ ಅಪ್ಪಯ್ಯ ಹೇಳಿದರು: “ಮನುಷ್ಯರ ಮಾತು ಹಿಂದೆ ಒಂದ್ಸಲ ಕೇಳಿದ್ದು ಸಾಕು. ಭಾನುವಾರ ನಿನ್ನ ಮೆಷಿನ್ನಿಗೆ ಹಾಕು ತಮ್ಮ. ಅದಕ್ಕೆ ನೆಂಟರಿಲ್ಲ, ಇಷ್ಟರಿಲ್ಲ. ಅದು ಹೂಂ ಅಂದ್ರೆ ಹೂಂ, ಉಹೂಂ ಅಂದ್ರೆ ಉಹೂಂ. ಆಮೇಲೆ ಯಾರೂ ತುಟಿ ಬಿಚ್ಚೋ ಹಂಗಿಲ್ಲ.”

ಅಕ್ಕ ನನ್ನ ಮುಖ ನೋಡಿದಳು. ನಾನು ಅನ್ನ ನೋಡಿದೆ. ಯಾಕೆಂದರೆ ಹಿಂದಿನ ದಿನವೇ ನಾನು ಕಳ್ಳತನದಲ್ಲಿ ಎರಡೂ ಹೆಸರು ಹಾಕಿ ನೋಡಿದ್ದೆ. ಶಾಸ್ತ್ರ ಕಪಾಟಿನ ಹೊಂದಿಕೆ ಕಣ್ಣು ಮಿಟುಕಿಸುವುದರೊಳಗೆ ಹೇಳಿಬಿಟ್ಟಿತ್ತು: ‘ಹೊಂದುವುದಿಲ್ಲ.’ ಯಾರಿಗೂ ಹೇಳಲಿಲ್ಲ. ಗೊತ್ತಿದ್ದ ಸುದ್ದಿಯನ್ನು ನಾನು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದು ಜೀವಮಾನದಲ್ಲಿ ಅದೇ ಮೊದಲು. ಅಜೀರ್ಣವಾದ ಹಾಗಿತ್ತು.

ಭಾನುವಾರ ಬೆಳಿಗ್ಗೆ ಇನ್‌ಸ್ಟಿಟ್ಯೂಟಿಗೆ ರಜೆ. ನಾನು ಮಹಡಿ ಹತ್ತಿದಾಗ ಚಿಕ್ಕಪ್ಪಯ್ಯ ಆಗಲೇ ಬಂದು ಮೆಷಿನ್ನಿನ ಮುಂದೆ ಕೂತಿದ್ದರು. ಎಡಗೈಯಲ್ಲಿ ಕನ್ನಡಕ ಹಿಡಿದುಕೊಂಡು, ಬಲಗೈಯ ಒಂದೇ ಬೆರಳಿನಲ್ಲಿ ಏನೋ ಕುಟ್ಟುತ್ತಿದ್ದರು. ಪಟ್ಟಿ! ಅದು ನನ್ನ ಕೆಲಸ, ಅವರು ಯಾವತ್ತೂ ಮುಟ್ಟಿದವರಲ್ಲ. ಬಗ್ಗಿ ನೋಡಿದೆ. ‘ತಾತ್ಕಾಲಿಕ’ ಮೊದಲು ಇತ್ತು. ‘ಶಾಸ್ತ್ರ’ ಆಮೇಲೆ.

ತಪ್ಪು ಕಂಡರೆ ನಾನು ಸುಮ್ಮನಿರುತ್ತೇನೆಯೇ?

“ಚಿಕ್ಕಪ್ಪಯ್ಯ, ಉಲ್ಟಾ ಹಾಕಿದ್ದೀರಿ!”

“ಯಾವ್ದು?”

“ಪಟ್ಟಿ! ಕ್ರಮ ತಪ್ಪಿದ್ರೆ ಬಾಳು ತಪ್ಪುತ್ತೆ ಅಂತ ನಂಗೆ ಬೈದವರು ನೀವೇ...”

ಅವರು ಪರದೆಯಿಂದ ಕಣ್ಣು ತೆಗೆಯಲಿಲ್ಲ. ಆಮೇಲೆ ಯಾರಿಗೋ ಬಸ್ಸಿನ ಟೈಮು ಹೇಳುವವರ ಹಾಗೆ ಹೇಳಿದರು:

“ಬ್ಯಾಕೋಡಿಂದ ವಾಪಸು ಬರ್ಬೇಕಾದ್ರೆ ಲಾಂಚು ಎಷ್ಟು ನಿಧಾನ ಬರ್ತದೆ ಗೊತ್ತನೇ ನಿಂಗೆ? ಹೋಗೋವಾಗ ಹಂಗಿರಲ್ಲ. ಅದೇ ನೀರು, ಅದೇ ಲಾಂಚು. ವಾಪಸು ಬರೋವಾಗ ಮುಗಿಯೋದೇ ಇಲ್ಲ.”

ನಾನು ಕುರ್ಚಿ ಎಳೆದು ಅವರ ಪಕ್ಕ ಕೂತೆ.

ಅಷ್ಟರಲ್ಲಿ ಟಪ್ ಎಂದು ಕರೆಂಟು ಹೋಯಿತು. ಪರದೆ ಕಪ್ಪಾಯಿತು, ಪಟ್ಟಿ ಅಳಿಸಿಹೋಯಿತು. ಇಬ್ಬರೂ ಕತ್ತಲ ಪರದೆಯನ್ನೇ ನೋಡುತ್ತ ಕೂತೆವು. ಹತ್ತು ನಿಮಿಷದ ಮೇಲೆ ಕರೆಂಟು ಬಂತು, ಮೆಷಿನ್ನು ಗುರ್ ಎಂದು ಎದ್ದಿತು. ಅದೇ ಹೊತ್ತಿಗೆ ಮರದ ಮೆಟ್ಟಿಲಿನ ಮೇಲೆ ಅಪ್ಪಯ್ಯನ ಹೆಜ್ಜೆಯ ಸದ್ದು ಕೇಳಿತು. ನಮ್ಮ ಮೆಟ್ಟಿಲು ಹದಿನಾಲ್ಕು. ಚಿಕ್ಕಪ್ಪಯ್ಯ ಬೆರಳು ಮುಂದೆ ಚಾಚಿದರು. ಬೆರಳು ಬೇಡದ ಅಕ್ಷರಗಳ ಮೇಲೆಲ್ಲ ಕುಣಿಯಿತು. ಆರು ಮೆಟ್ಟಿಲು. ಏಳು. ಅವರು ನನ್ನ ಕಡೆ ತಿರುಗಿದರು. ಹಾಕು ಅನ್ನಲಿಲ್ಲ, ಬೇಡ ಅನ್ನಲಿಲ್ಲ.

ಗೋಡೆಯ ಚೀಟಿ ನನ್ನ ಮೂಗಿನ ಎದುರಿಗೇ ಇತ್ತು. ಶಾಸ್ತ್ರ, ತಾತ್ಕಾಲಿಕ. ಆ ಚೀಟಿಯನ್ನು ನಾನು ನೂರಾರು ಸಲ ನೋಡಿ ಟೈಪು ಮಾಡಿದ್ದೇನೆ. ಅವತ್ತು ನೋಡಲಿಲ್ಲ. ‘ತಾತ್ಕಾಲಿಕ’ ಎಂದು ಮೊದಲು ಹೊಡೆದೆ. ಎರಡೂ ಹೆಸರು ಹಾಕಿ ಕುರ್ಚಿ ಬಿಟ್ಟು ಎದ್ದೆ. ಇನ್ನು ಒಂದು ಕೀಲಿ ಒತ್ತಿದರೆ ಆಯಿತು.

ಅಪ್ಪಯ್ಯ ಒಳಗೆ ಬಂದರು. ಸೈಕಲ್ ಚೈನು ಬಿಚ್ಚುತ್ತಿದ್ದವರು ಹಾಗೇ ಎದ್ದು ಬಂದಿದ್ದರು, ಕೈಯೆಲ್ಲ ಗ್ರೀಸು.

“ಹೂಂ, ಹಾಕು. ಎಂತ ಹೇಳ್ತದೆ, ನೀನೇ ಓದಿ ಹೇಳು. ಕನ್ನಡಕ ಎಲ್ಲಿ ನಿಂದು?”

ಚಿಕ್ಕಪ್ಪಯ್ಯ ಥಟ್ಟನೆ ಎಡಗೈ ಎತ್ತಿ ಕನ್ನಡಕ ಹಾಕಿಕೊಂಡರು.

ಅಷ್ಟೇ! ಅಪ್ಪಯ್ಯ ನಿಂತಲ್ಲೇ ನಿಂತುಬಿಟ್ಟರು. ತಮ್ಮನನ್ನು ಅಡಿಯಿಂದ ಮುಡಿವರೆಗೆ ನೋಡಿದರು.

“ಜೇಬು ನೋಡ್ಲಿಲ್ಲ?”

ಚಿಕ್ಕಪ್ಪಯ್ಯ ಕನ್ನಡಕವನ್ನು ಮೂಗಿನ ಮೇಲೆ ಸರಿಪಡಿಸಿಕೊಂಡರು.

“ಡ್ರಾಯರು ನೋಡ್ಲಿಲ್ಲ. ಕಪಾಟು ನೋಡ್ಲಿಲ್ಲ. ಸೀದಾ ಕೈಯಿಂದ ತೆಗ್ದು ಹಾಕ್ಕೊಂಡೆ.” ಅಪ್ಪಯ್ಯ ದನಿ ತಗ್ಗಿಸಿದರು. “ನಲವತ್ತು ವರ್ಷದಿಂದ ನೋಡ್ತಿದ್ದೀನಿ ತಮ್ಮ. ನೀನು ಕ್ರಮ ತಪ್ಪಿದ್ದು ಇವತ್ತೇ.”

ಕೆಳಗೆ ರಸ್ತೆಯಲ್ಲಿ ಯಾವುದೋ ಬಸ್ಸು ಹಾರ್ನ್ ಹೊಡೆಯಿತು. ನಾನು ಗೋಡೆಯ ಚೀಟಿಗೆ ಬೆನ್ನು ಕೊಟ್ಟು, ಅದು ಕಾಣದ ಹಾಗೆ ನಿಂತೆ. ಏನು ಪ್ರಯೋಜನ? ಅಪ್ಪಯ್ಯ ಚೀಟಿಯನ್ನೂ ನೋಡಲಿಲ್ಲ, ಪರದೆಯನ್ನೂ ನೋಡಲಿಲ್ಲ. ಮೇಜು ಬಳಸಿಕೊಂಡು ಬಂದು, ಗೋಡೆಯ ಸ್ವಿಚ್ಚಿನ ಮೇಲೆ ಗ್ರೀಸಿನ ಹೆಬ್ಬೆರಳು ಇಟ್ಟು ಒತ್ತಿದರು. ಮೆಷಿನ್ನು ನಿಟ್ಟುಸಿರು ಬಿಟ್ಟು ಆರಿಹೋಯಿತು. ಆ ಕಪ್ಪು ಗುರುತು ಈಗಲೂ ಅಲ್ಲಿದೆ, ಯಾರೂ ಒರೆಸಿಲ್ಲ.

“ಅವಳಿಗೆ ಹೇಳು, ಜೋಗದ ಹುಡುಗನೇ ಅಂತ” ಎಂದರು ನನಗೆ. “ನಾಳೆ ಅವರ ಮನೆಗೆ ಹೋಗಿ ಬರ್ತೀನಿ. ಇದರ ಹತ್ರ ಕೇಳೋದೇನೂ ಬೇಡ.”

ಬಾಗಿಲವರೆಗೆ ಹೋದವರು ಅಲ್ಲೇ ನಿಂತರು. ತಮ್ಮನ ಕಡೆ ತಿರುಗಲಿಲ್ಲ.

“ಆವತ್ತು ಲಾಂಚಿನಲ್ಲಿ ನಾನೂ ಇದ್ದೆ ಮಾರಾಯ.”

ಆಮೇಲೆ ಕೆಳಗೆ ಇಳಿದು ಹೋಗಬೇಕಿತ್ತು, ಹೋಗಲಿಲ್ಲ. ಯಾಕೆಂದರೆ ಚಿಕ್ಕಪ್ಪಯ್ಯ ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಕಣ್ಣು ಒರೆಸಿಕೊಂಡು, ಎದ್ದು ನಿಂತಿದ್ದರು. ಅಂಗಿಯ ಜೇಬು ಮುಟ್ಟಿ ನೋಡಿಕೊಂಡರು. ಮೇಜಿನ ಡ್ರಾಯರು ಎಳೆದರು. ಗೋಡೆ ಕಪಾಟಿನ ಬಾಗಿಲು ತೆರೆದು ಒಳಗೆ ತಲೆ ಹಾಕಿದರು, ತುಂಬ ಹೊತ್ತು ತೆಗೆಯಲೇ ಇಲ್ಲ. ಕನ್ನಡಕ ಎಡಗೈಯಲ್ಲೇ ಇತ್ತು. ಅಪ್ಪಯ್ಯ ಬಾಗಿಲಿಗೊರಗಿ ಕಾದರು. ನಾನು ಬಾಯಿ ತೆರೆದೆ, ಅಪ್ಪಯ್ಯ ಗ್ರೀಸಿನ ಬೆರಳನ್ನು ತುಟಿಯ ಮೇಲಿಟ್ಟು ತೋರಿಸಿದರು.

ಕೈಯಲ್ಲಿದೆ ಎಂದು ಯಾರೂ ಹೇಳಲಿಲ್ಲ.